ನಾಲ್ಕನೇ ಬೌಲರ್ ಯಾರು?

1

ಫೋಟೋದಲ್ಲಿ ಕಾಣೂದು ಗ್ರೌಂಡ್ ಅಲ್ಲ, ಕಬ್ಬು ಕಡಿದು ಖಾಲಿ ಬಿಟ್ಟ ಹೊಲ. ನಡುವಿನ ಆ ಬಿಳಿ ಪಟ್ಟಿ ನಮ್ಮ ಪಿಚ್. ಟ್ರ್ಯಾಕ್ಟರ್ ನಾಲ್ಕು ಸಲ ಹಾಯಿಸಿ, ನೀರು ಹೊಡೆದು, ಮತ್ತೆ ಹಾಯಿಸಿ ಮಾಡಿದ್ದು. ಕೊಗನೊಳ್ಳಿ ಅಂದ್ರ ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತಿರೋದು ಟೋಲ್ ನಾಕಾ ಅಷ್ಟೇ. ಪುಣೆ ಕಡೆ ಹೋಗುವಾಗ ಗಾಡಿ ನಿಲ್ಲುತ್ತದೆ, ಶೇಂಗಾ ತಗೋತೀರಿ, ಮುಂದೆ ಹೋಗ್ತೀರಿ. ಆ ರಸ್ತೆಯಿಂದ ಸ್ವಲ್ಪ ಒಳಗೆ ಬಂದರೆ ಈ ಹೊಲ.

ಮೊನ್ನೆ ಸ್ಟೋರಿಯಲ್ಲಿ ಒಂದು ಪ್ರಶ್ನೆ ಹಾಕಿದ್ದೆ: ಟೆಸ್ಟ್ ಕ್ರಿಕೆಟ್‌ನಲ್ಲಿ ಫಾಸ್ಟ್ ಬೌಲಿಂಗ್ ಡೆಪ್ತ್ ಯಾವ ದೇಶದ್ದು ಜಾಸ್ತಿ? ಬಂದ ಉತ್ತರ ನೋಡಿ ನಗು ಬಂತು. ಎಲ್ಲರೂ ಬರೆದದ್ದು ಒಂದೊಂದು ಹೆಸರು. ಬುಮ್ರಾ. ಸ್ಟಾರ್ಕ್. ರಬಾಡ. ಒಬ್ಬ ಮಹಾನುಭಾವ ಶೋಯೆಬ್ ಅಖ್ತರ್ ಅಂತ ಬರೆದಿದ್ದ, ಅವನಿಗೆ ದೊಡ್ಡ ನಮಸ್ಕಾರ.

ದೋಸ್ತರ, ನಾನು ಕೇಳಿದ್ದು ಬಾವಿ ಎಷ್ಟು ಆಳ ಅಂತ. ನೀವು ಹೇಳಿದ್ದು ಮೇಲಿನ ನೀರು ಎಷ್ಟು ತಿಳಿ ಐತಿ ಅಂತ.

ನನ್ನ ರ್‍ಯಾಂಕಿಂಗ್ ಕೊಡ್ತೀನಿ. ಅದಕ್ಕೂ ಮೊದಲು ಜನವರಿಯಿಂದ ನಾನು ಹೇಳದೆ ಇಟ್ಟುಕೊಂಡ ಒಂದು ವಿಷಯ ಹೇಳಬೇಕು. ಅದು ಹೇಳದಿದ್ದರೆ ಈ ರ್‍ಯಾಂಕಿಂಗ್ ಬರೀ ಕಟ್ಟೆ ಮೇಲಿನ ಹರಟೆ.

2

ಎರಡನೇ ಫೋಟೋ ಸ್ಕೋರ್ ಬುಕ್ಕಿನದು. ಜೂಮ್ ಮಾಡಿ ಬೌಲಿಂಗ್ ಕಾಲಂ ನೋಡ್ರಿ. ಮೊದಲ ಹೆಸರಿನ ಮೇಲೆ ಬೆರಳಿಟ್ಟು ಮುಚ್ಚಿದ್ದೇನೆ, ಯಾಕಂದ್ರ ಅವನು "ಹೆಸರು ಹಾಕಬ್ಯಾಡ" ಅಂದಾನ. ನಮ್ಮ ಕ್ಲಾಸಿನವರಿಗೆ ಗೊತ್ತಾಗೇ ಆಗುತ್ತದೆ. ಉಳಿದವರು 'ನಮ್ಮ ಪೇಸರ್' ಅಂದುಕೊಳ್ಳಿ. ಓವರ್ 23. ಒಂದೇ ದಿನ. ಅವನ ಕೆಳಗೆ ನನ್ನ ಹೆಸರು, ಓವರ್ 6. ಅದರ ಕೆಳಗೆ ಆಫ್ ಸ್ಪಿನ್ ಹಾಕುವ ಹುಡುಗ, ಓವರ್ 5. ಮುಗೀತು. ಅಷ್ಟೇ ನಮ್ಮ ಬೌಲಿಂಗ್.

ಅದು ಸಂಕ್ರಾಂತಿ ಆದ ಮೇಲಿನ ಶನಿವಾರ–ರವಿವಾರ. ಸಿಡ್ನಿ ಟೆಸ್ಟ್ ಮುಗಿದು ಎರಡು ವಾರ. ಟೆನಿಸ್ ಬಾಲ್ ಎಂಟು ಓವರ್ ಟೂರ್ನಮೆಂಟ್ ಆಡಿ ಆಡಿ ಬೇಸತ್ತು, "ನಾವೂ ಒಂದು ಟೆಸ್ಟ್ ಆಡೂಣು" ಅಂತ ಪಕ್ಕದ ಊರಿನವರ ಜತೆ ಎರಡು ದಿನದ ಮ್ಯಾಚ್ ಇಟ್ಟಿದ್ದೆವು. ಲೆದರ್ ಬಾಲ್. ಪಟ್ಟಿ ಎತ್ತಿ ತಂದ ಬಾಲ್. ಓವರ್ ಲಿಮಿಟ್ ಇಲ್ಲ. ಕ್ಯಾಪ್ಟನ್ ನಾನು.

ನಮ್ಮ ಪೇಸರ್ ಬೌಲಿಂಗ್ ನೋಡದವರಿಗೆ ಹೇಳೂದು ಕಷ್ಟ. ಓಡಿ ಬರುವುದು ಹೆಚ್ಚೇನಿಲ್ಲ, ಹದಿನೈದು ಹೆಜ್ಜೆ. ಆದರೆ ಬಾಲ್ ಬ್ಯಾಟ್ಸ್‌ಮನ್ ಎಣಿಸಿದ್ದಕ್ಕಿಂತ ಮೊದಲೇ ಬರುತ್ತದೆ. ಆ ದಿನ ಐದು ವಿಕೆಟ್ ತೆಗೆದ. ನಾನು ಬಾಲ್ ಹಾಕಿದರೆ ಅವರು ಫೋರ್ ಹೊಡೆಯುತ್ತಿದ್ದರು, ಹಾಗಾಗಿ ಮತ್ತೆ ಮತ್ತೆ ಬಾಲ್ ಅವನ ಕೈಗೇ. ಊಟ ಆದ ಮೇಲೆ ಒಮ್ಮೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತ. "ಸ್ವಲ್ಪ ಹಿಡದಂಗ ಆಗೇತಿ ಲೇ" ಅಂದ. ನಾನು ಏನಂದೆ ಗೊತ್ತಾ? "ಇನ್ನ ಎರಡ ಓವರ್ ಹಾಕು ಸಾಕು."

ಆ ಎರಡು ಓವರ್ ಏಳಾದವು.

ರವಿವಾರ ಅವನು ಬರಲಿಲ್ಲ. ಮನೆಗೆ ಹೋದರೆ ಅಡ್ಡಬಿದ್ದಿದ್ದ. ಅವರವ್ವ, ನಮಗೆ ಕಾಕು, ಬಿಸಿ ಮರಳಿನ ಶಾಖ ಕೊಡುತ್ತಿದ್ದರು. ಮೂರು ವಾರವಾದರೂ ಇಳಿಯಲಿಲ್ಲ. ಕೊನೆಗೆ ಕೊಲ್ಹಾಪುರದಲ್ಲಿ ಎಂಆರ್‌ಐ ಮಾಡಿಸಿದರು. ಬೆನ್ನಿನ ಕೆಳಭಾಗದ ಮಣಿಯಲ್ಲಿ ಸಣ್ಣ ಬಿರುಕು. ಸ್ಟ್ರೆಸ್ ಫ್ರ್ಯಾಕ್ಚರ್. ಆರು ತಿಂಗಳು ಬೌಲಿಂಗ್ ಬಂದ್, ಭಾರ ಎತ್ತೂದು ಬಂದ್.

ಕಾಕು ನನಗೆ ಒಂದು ಮಾತೂ ಬೈಯಲಿಲ್ಲ. ಚಹಾ ಕೊಟ್ಟರು. ಬೈದಿದ್ದರೆ ಚಲೋ ಇತ್ತು.

3

ಇದು ಯಾಕೆ ಆಗುತ್ತದೆ ಅಂತ ಆಮೇಲೆ ಓದಿದೆ. ಮೊದಲೇ ಓದಬೇಕಿತ್ತು, ಅದು ಬೇರೆ ಮಾತು.

ಫಾಸ್ಟ್ ಬೌಲರ್ ಬಾಲ್ ಬಿಡುವಾಗ ಮುಂದಿನ ಕಾಲು ನೆಲಕ್ಕೆ ಬಡಿಯುತ್ತದಲ್ಲ, ಆ ಕ್ಷಣ ನೆಲ ತಿರುಗಿ ಕೊಡುವ ಹೊಡೆತ ಅವನ ಮೈತೂಕದ ಐದು ಪಟ್ಟನ್ನೂ ದಾಟಬಹುದು. ಅದೇ ಹೊತ್ತಿಗೆ ಬೆನ್ನು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚಿಕೊಂಡಿರುತ್ತದೆ. ಬಲಗೈ ಬೌಲರ್ ಆದರೆ ಹೆಚ್ಚಾಗಿ ಎಡಗಡೆಯ ಎಲುಬು ಬಿರುಕು ಬಿಡುತ್ತದೆ. ವಯಸ್ಸು ಇಪ್ಪತ್ತರ ಆಸುಪಾಸು ಇರುವವರಿಗೆ ಅಪಾಯ ಇನ್ನೂ ಜಾಸ್ತಿ, ಎಲುಬು ಇನ್ನೂ ಪೂರ್ತಿ ಗಟ್ಟಿ ಆಗಿರೂದಿಲ್ಲ. ಒಂದು ಬಾಲಿನಿಂದ ಮುರಿಯುವುದಲ್ಲ ಇದು. ಒಂದು ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸುತ್ತ ಹೋದಂತೆ. ನಡುವೆ ಬಿಡುವು ಕೊಟ್ಟರೆ ಎಲುಬು ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಬಿಡುವು ಕೊಡದಿದ್ದರೆ ಇಲ್ಲ.

ಬಿಡುವು ಕೊಡುವುದು ಯಾರು? ಕ್ಯಾಪ್ಟನ್ ಅನ್ನಬೇಡಿ. ನಾಲ್ಕನೇ ಬೌಲರ್. ಅವನು ಇದ್ದರೆ ಮಾತ್ರ ಕ್ಯಾಪ್ಟನ್ ಬಿಡುವು ಕೊಡಬಹುದು.

ಈಗ ಸಿಡ್ನಿ ನೆನಪು ಮಾಡಿಕೊಳ್ಳಿ. 2024–25ರ ಆಸ್ಟ್ರೇಲಿಯಾ ಸರಣಿಯಲ್ಲಿ ಬುಮ್ರಾ 150 ಓವರ್ ಮೇಲೆ ಹಾಕಿ 32 ವಿಕೆಟ್ ತೆಗೆದ. ಕೊನೇ ಟೆಸ್ಟಿನ ಎರಡನೇ ದಿನ ಬೆನ್ನು ಹಿಡಿದು ಹೊರಗೆ ನಡೆದ, ಎರಡನೇ ಇನಿಂಗ್ಸ್‌ನಲ್ಲಿ ಒಂದು ಬಾಲೂ ಹಾಕಲಿಲ್ಲ. ಅದೇ ಬೆನ್ನು ಮೊದಲೂ ಕೈಕೊಟ್ಟಿತ್ತು, 2023ರಲ್ಲಿ ಆಪರೇಷನ್ ಆಗಿತ್ತು. ಆ ದಿನ ಟೀವಿ ಮುಂದೆ ಕೂತು ನಾನೇ ಒದರಿದ್ದೆ, "ಒಬ್ಬನ ಮ್ಯಾಲ ಎಷ್ಟ ಹೇರತೀರಿ!" ಅಂತ. ಎರಡು ವಾರದ ಮೇಲೆ ನಮ್ಮ ಹೊಲದಲ್ಲಿ ನಾನು ಮಾಡಿದ್ದೇನು?

4

ಕರ್ನಾಟಕದ ಕತೆಗೆ ಬರ್ತೀನಿ, ಯಾಕಂದ್ರ ಡೆಪ್ತ್ ಅಂದ್ರ ಏನು ಅಂತ ಕಲಿಯಲಿಕ್ಕೆ ವೆಸ್ಟ್ ಇಂಡೀಸ್‌ವರೆಗೂ ಹೋಗೋದು ಬೇಕಿಲ್ಲ. ನಮ್ಮ ಅಪ್ಪನ ಕಾಲದ 1996 ಸಾಕು.

ಆ ವರ್ಷ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಆಸ್ಟ್ರೇಲಿಯಾ ಎದುರು ಒಂದೇ ಒಂದು ಟೆಸ್ಟ್. ಜಾವಗಲ್ ಶ್ರೀನಾಥ್‌ಗೆ ಗಾಯ. ಬದಲಿಗೆ ಬಂದದ್ದು ಡೇವಿಡ್ ಜಾನ್ಸನ್. ಹೊಸ ಬಾಲ್ ಹಂಚಿಕೊಂಡವರು ವೆಂಕಟೇಶ್ ಪ್ರಸಾದ್ ಮತ್ತು ಜಾನ್ಸನ್, ಅಂದರೆ ಒಬ್ಬ ಕನ್ನಡಿಗ ಬಿದ್ದರೆ ಇನ್ನೊಬ್ಬ ಕನ್ನಡಿಗ. (ಜಾನ್ಸನ್ ಹುಟ್ಟಿದ್ದು ಅರಸೀಕೆರೆ. ಶ್ರೀನಾಥ್ ಹೆಸರಿನಲ್ಲಿರುವ ಜಾವಗಲ್ ಊರೂ ಅದೇ ತಾಲೂಕಿನದು. ಹಾಸನದವರು ಯಾರಾದರೂ ಇಲ್ಲಿ ಇದ್ದರೆ ಎದೆ ಉಬ್ಬಿಸಿಕೊಳ್ಳಬಹುದು.) ಮುಂದಿನ ತಿಂಗಳು ಅಹಮದಾಬಾದ್‌ನಲ್ಲಿ ಶ್ರೀನಾಥ್ ವಾಪಸ್, 21 ರನ್‌ಗೆ 6 ವಿಕೆಟ್, ದಕ್ಷಿಣ ಆಫ್ರಿಕಾ 105ಕ್ಕೆ ಆಲೌಟ್. ನಮ್ಮ ದೇಶದ ಸತ್ತ ಪಿಚ್ ಮೇಲೆ ಫಾಸ್ಟ್ ಬೌಲರ್ ಟೆಸ್ಟ್ ಗೆಲ್ಲಿಸೂದು ಆಗ ದಿನದಿನದ ಮಾತಾಗಿರಲಿಲ್ಲ.

ಡಿಸೆಂಬರ್ 26, ಡರ್ಬನ್. ಭಾರತದ ಬೌಲಿಂಗ್ ನೋಡ್ರಿ: ಶ್ರೀನಾಥ್, ಪ್ರಸಾದ್, ಜಾನ್ಸನ್, ಜತೆಗೆ ಸ್ಪಿನ್ನರ್ ಅನಿಲ್ ಕುಂಬ್ಳೆ. ನಾಲ್ಕಕ್ಕೆ ನಾಲ್ಕೂ ಕರ್ನಾಟಕ. ಪ್ರಸಾದ್ ಎರಡೂ ಇನಿಂಗ್ಸ್‌ನಲ್ಲಿ ಐದೈದು ವಿಕೆಟ್ ತೆಗೆದರು. ನಮ್ಮ ಬ್ಯಾಟಿಂಗ್? 100 ಮತ್ತು 66. ಆ ಮಾತು ಇಲ್ಲಿಗೆ ಬಿಡೂಣು. ಮುಂದಿನ ಟೆಸ್ಟ್ ಕೇಪ್‌ಟೌನ್, ಜಾನ್ಸನ್ ಹೊರಗೆ, ದೊಡ್ಡ ಗಣೇಶ್ ಒಳಗೆ. ಮತ್ತೆ ಕರ್ನಾಟಕ.

ನಾಲ್ಕು ತಿಂಗಳೊಳಗೆ ಒಂದೇ ರಾಜ್ಯದಿಂದ ನಾಲ್ಕು ಫಾಸ್ಟ್ ಬೌಲರ್‌ಗಳು ಟೆಸ್ಟ್ ಆಡಿದರು. ಇದಕ್ಕಿಂತ ದೊಡ್ಡ ಡೆಪ್ತ್ ಬೇಕಾ ಅಂತ ಕೇಳ್ತೀರಿ. ಈಗ ಲೆಕ್ಕ ನೋಡಿ. ಶ್ರೀನಾಥ್ 67 ಟೆಸ್ಟ್, 236 ವಿಕೆಟ್. ಪ್ರಸಾದ್ 33 ಟೆಸ್ಟ್, 96 ವಿಕೆಟ್. ಗಣೇಶ್ 4 ಟೆಸ್ಟ್. ಜಾನ್ಸನ್ 2 ಟೆಸ್ಟ್, 3 ವಿಕೆಟ್.

ಎರಡು ಟೆಸ್ಟ್. ಡರ್ಬನ್ ಆದ ಮೇಲೆ ಜಾನ್ಸನ್‌ಗೆ ಇನ್ನೊಂದು ಟೆಸ್ಟ್ ಸಿಗಲೇ ಇಲ್ಲ. 2024ರ ಜೂನ್‌ನಲ್ಲಿ ತೀರಿಕೊಂಡರು. ಗಣೇಶ್ ರಣಜಿಗೆ ಮರಳಿ, 1998–99ರ ಒಂದೇ ಸೀಸನ್‌ನಲ್ಲಿ 62 ವಿಕೆಟ್ ತೆಗೆದು ಕರ್ನಾಟಕಕ್ಕೆ ಟ್ರೋಫಿ ಕೊಡಿಸಿದರು. ಆದರೂ ಟೆಸ್ಟ್‌ಗೆ ಕರೆ ಬರಲಿಲ್ಲ.

ಮತ್ತೆ ಶ್ರೀನಾಥ್? ಆ ದಕ್ಷಿಣ ಆಫ್ರಿಕಾ ಪ್ರವಾಸದ ಬೆನ್ನಿಗೇ ಭುಜ ಹೋಯ್ತು, ಆಪರೇಷನ್ ಆಯ್ತು, 1997ರ ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು. ಆ ಪ್ರವಾಸದ ಬಾರ್ಬಡೋಸ್ ಟೆಸ್ಟಿನಲ್ಲೇ 120 ಬೆನ್ನಟ್ಟಿ ನಾವು 81ಕ್ಕೆ ಮುಗಿದದ್ದು. ಎರಡು ವರ್ಷದ ಮೇಲೆ, 1999ರಲ್ಲಿ, ಈಡನ್‌ನಲ್ಲಿ ಪಾಕಿಸ್ತಾನದ ಎದುರು ಶ್ರೀನಾಥ್ ಒಬ್ಬರೇ ಮ್ಯಾಚಿನಲ್ಲಿ 13 ವಿಕೆಟ್ ತೆಗೆದರು. 13! ಆದರೂ ಭಾರತ ಸೋತಿತು.

ನನಗೆ ಅನಿಸೂದು ಇಷ್ಟು: 1996ರಲ್ಲಿ ನಮ್ಮಲ್ಲಿ ಬೌಲರ್‌ಗಳ ಸಂಖ್ಯೆ ಇತ್ತು, ಡೆಪ್ತ್ ಇರಲಿಲ್ಲ. ಮೂರನೆಯವನನ್ನು, ನಾಲ್ಕನೆಯವನನ್ನು ಎರಡು ಟೆಸ್ಟ್ ನೋಡಿ ಮನೆಗೆ ಕಳಿಸಿದರೆ ಆ ಹೊರೆ ಗಾಳಿಯಲ್ಲಿ ಕರಗೂದಿಲ್ಲ. ಮೊದಲನೆಯವನ ಭುಜದ ಮೇಲೆ ಬಂದು ಕೂಡುತ್ತದೆ. ಜಾನ್ಸನ್ ಇನ್ನೂ ಹತ್ತು ಟೆಸ್ಟ್ ಆಡಿದ್ದರೆ ದೊಡ್ಡ ಬೌಲರ್ ಆಗುತ್ತಿದ್ದರು ಅಂತ ನಾನು ಆಣೆ ಮಾಡೂದಿಲ್ಲ. ಶ್ರೀನಾಥ್‌ಗೆ ಒಂದಷ್ಟು ಓವರ್ ಕಡಿಮೆ ಆಗುತ್ತಿದ್ದವು ಅನ್ನೋದಂತೂ ಖರೆ.

5

ಈಗ ರ್‍ಯಾಂಕಿಂಗ್. ನನ್ನ ನಿಯಮ ಒಂದೇ: ಮೊದಲ ಮೂರು ಹೆಸರು ಅಳಿಸು, ಆಮೇಲೆ ಎಣಿಸು.

ಎಲ್ಲ ಕಾಲದ ಲೆಕ್ಕದಲ್ಲಿ ಮೊದಲ ಸ್ಥಾನಕ್ಕೆ ಜಗಳವೇ ಇಲ್ಲ, ಎಂಬತ್ತರ ದಶಕದ ವೆಸ್ಟ್ ಇಂಡೀಸ್. ಮಾರ್ಷಲ್, ಹೋಲ್ಡಿಂಗ್, ಗಾರ್ನರ್ ಎಲ್ಲರಿಗೂ ಗೊತ್ತು. ಅಳಿಸ್ರಿ. ಸಿಲ್ವೆಸ್ಟರ್ ಕ್ಲಾರ್ಕ್ ಅಂತ ಒಬ್ಬ ಇದ್ದ, 11 ಟೆಸ್ಟ್‌ನಲ್ಲಿ 42 ವಿಕೆಟ್. ಬೇರೆ ಯಾವ ದೇಶದಲ್ಲಿ ಹುಟ್ಟಿದ್ದರೂ ಹೊಸ ಬಾಲ್ ಅವನದೇ ಆಗಿರುತ್ತಿತ್ತು. ಅಲ್ಲಿ ಅವನಿಗೆ ಜಾಗವೇ ಇರಲಿಲ್ಲ.

ಇವತ್ತಿನ ಲೆಕ್ಕದಲ್ಲಿ ನನ್ನ ಮೊದಲ ಸ್ಥಾನ ಆಸ್ಟ್ರೇಲಿಯಾ. ಬೈಯ್ರಿ, ಪರವಾಗಿಲ್ಲ. ಕಮಿನ್ಸ್, ಸ್ಟಾರ್ಕ್, ಹೇಜಲ್‌ವುಡ್ ಅಳಿಸಿದ ಮೇಲೂ ಸ್ಕಾಟ್ ಬೋಲ್ಯಾಂಡ್ ಉಳಿಯುತ್ತಾನೆ. 32ನೇ ವಯಸ್ಸಿಗೆ ಮೊದಲ ಟೆಸ್ಟ್, 2021ರ ಮೆಲ್ಬರ್ನ್, 7 ರನ್‌ಗೆ 6 ವಿಕೆಟ್. 2025ರ ಜುಲೈನಲ್ಲಿ ಜಮೈಕಾದಲ್ಲಿ ಹ್ಯಾಟ್ರಿಕ್, ವೆಸ್ಟ್ ಇಂಡೀಸ್ 27ಕ್ಕೆ ಆಲೌಟ್. ಇವನು ಅವರ ನಾಲ್ಕನೆಯವನು, ತಿಳೀತಾ?

ಎರಡನೆಯದು ಭಾರತ. ಮೊದಲು ನಾನು ಮೂರನೇ ಸ್ಥಾನ ಕೊಡುತ್ತಿದ್ದೆ. 2018ರಲ್ಲಿ ಬುಮ್ರಾ, ಶಮಿ, ಇಶಾಂತ್ ಸೇರಿ ಒಂದೇ ವರ್ಷದಲ್ಲಿ 136 ಟೆಸ್ಟ್ ವಿಕೆಟ್ ತೆಗೆದಾಗ ಎಲ್ಲರೂ ಕುಣಿದರು. ಆದರೆ ಅದು ಮೂರು ಜನರ ಸಾಧನೆ. ಡೆಪ್ತ್ ಕಂಡದ್ದು 2021ರ ಜನವರಿಯ ಬ್ರಿಸ್ಬೇನ್‌ನಲ್ಲಿ. ಮುಖ್ಯ ಬೌಲರ್‌ಗಳೆಲ್ಲ ಗಾಯಾಳು. ಸಿರಾಜ್‌ಗೆ ಅದು ಮೂರನೇ ಟೆಸ್ಟ್, ಸೈನಿಗೆ ಎರಡನೆಯದು, ಶಾರ್ದೂಲ್‌ಗೂ ಎರಡನೆಯದು, ನಟರಾಜನ್‌ಗೆ ಮೊದಲನೆಯದು. 1988ರಿಂದ ಆಸ್ಟ್ರೇಲಿಯಾ ಸೋಲದಿದ್ದ ಗ್ರೌಂಡ್‌ನಲ್ಲಿ ಗೆದ್ದರು. ಇನ್ನು 2025ರ ಇಂಗ್ಲೆಂಡ್ ಸರಣಿ. ಬುಮ್ರಾ ಐದರಲ್ಲಿ ಮೂರೇ ಟೆಸ್ಟ್ ಆಡಿದ. ನಾವು ಗೆದ್ದ ಎರಡೂ ಟೆಸ್ಟ್ ಅವನು ಆಡದೇ ಇದ್ದವು. ಎಜ್‌ಬಾಸ್ಟನ್‌ನಲ್ಲಿ ಆಕಾಶ್ ದೀಪ್ ಹತ್ತು ವಿಕೆಟ್ ತೆಗೆದ. ಓವಲ್‌ನಲ್ಲಿ ಸಿರಾಜ್ ಒಂಬತ್ತು, ನಮ್ಮ ಬೆಂಗಳೂರಿನ ಪ್ರಸಿದ್ಧ್ ಕೃಷ್ಣ ಎಂಟು.

ದಕ್ಷಿಣ ಆಫ್ರಿಕಾ, ಇಂಗ್ಲೆಂಡ್, ನ್ಯೂಜಿಲೆಂಡ್ ಆಮೇಲೆ. ರಬಾಡ ಲಾರ್ಡ್ಸ್ ಫೈನಲ್‌ನಲ್ಲಿ ಒಂಬತ್ತು ವಿಕೆಟ್ ತೆಗೆದದ್ದು ನನಗೂ ಗೊತ್ತು. ಅವನ ಹೆಸರು ಅಳಿಸಿ ನೋಡ್ರಿ.

6

ಪ್ರಸಿದ್ಧ್ ಬಗ್ಗೆ ಒಂದು ನಿಮಿಷ ನಿಲ್ಲಬೇಕು. ಅವನಿಗೂ ಬೆನ್ನಿನ ಸ್ಟ್ರೆಸ್ ಫ್ರ್ಯಾಕ್ಚರ್ ಆಗಿತ್ತು, 2023ರ ಐಪಿಎಲ್ ಪೂರ್ತಿ ಹೋಯ್ತು. 2024ರಲ್ಲಿ ರಣಜಿ ಆಡುವಾಗ ತೊಡೆಯ ಸ್ನಾಯು ಹೋಗಿ ಮತ್ತೆ ಆಪರೇಷನ್, ಮತ್ತೆ ಒಂದು ಐಪಿಎಲ್ ಹೋಯ್ತು. ಸಿಡ್ನಿಯಲ್ಲಿ ಬುಮ್ರಾ ಹೊರಗೆ ಹೋದಾಗ ಬಾಲ್ ಹಿಡಿದವರಲ್ಲಿ ಅವನೂ ಒಬ್ಬ, ಎರಡೂ ಇನಿಂಗ್ಸ್‌ನಲ್ಲಿ ಮೂರು ಮೂರು ವಿಕೆಟ್. ಓವಲ್‌ನಲ್ಲಿ ಬ್ರೂಕ್ ಹತ್ತೊಂಬತ್ತಕ್ಕೆ ಇದ್ದಾಗ ಇವನ ಬಾಲಿಗೆ ಸಿರಾಜ್ ಕ್ಯಾಚ್ ಹಿಡಿದು ಗೆರೆ ತುಳಿದ, ಬ್ರೂಕ್ 111 ಹೊಡೆದ. ಪ್ರಸಿದ್ಧ್ ತಲೆ ಮೇಲೆ ಕೈ ಇಟ್ಟುಕೊಳ್ಳಬಹುದಿತ್ತು. ಬದಲಿಗೆ ಆಮೇಲೆ ರೂಟ್‌ನ ವಿಕೆಟ್ ತೆಗೆದ.

ಆಗಸ್ಟ್ 4, ಸೋಮವಾರ, ಮಧ್ಯಾಹ್ನ ಮೂರೂವರೆ. ಇಂಗ್ಲೆಂಡ್‌ಗೆ 35 ರನ್ ಬೇಕು, ನಾಲ್ಕು ವಿಕೆಟ್ ಇವೆ. ನಾನು ನಿಪ್ಪಾಣಿಯಿಂದ ಬಸ್ಸಿನಲ್ಲಿ ಬರದೆ, ಬೈಕ್ ಸಿಕ್ಕಿತು ಅಂತ ಓಡಿ ಬಂದು ನೇರ ನಮ್ಮ ಪೇಸರ್ ಮನೆಗೆ ಹೋದೆ. ಜನವರಿ ಆದ ಮೇಲೆ ನಾವಿಬ್ಬರೂ ಕ್ರಿಕೆಟ್ ಮಾತೇ ಆಡಿರಲಿಲ್ಲ. ಕಾಲೇಜಿನಲ್ಲಿ ಸಿಗುತ್ತಿದ್ದೆವು, ನೋಟ್ಸ್ ಕೊಡೂದು ತಗೊಳ್ಳೂದು ಅಷ್ಟೇ. ಅವನು ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಗೋಡೆಗೆ ಒರಗಿ ಮೊಬೈಲ್ ಹಿಡಿದು ಕೂತಿದ್ದ. ಹೊರಗೆ ಮಳೆ. ನಾನು ಪಕ್ಕದಲ್ಲಿ ಕೂತೆ. ಇಬ್ಬರೂ ಮಾತಾಡಲಿಲ್ಲ.

ಪ್ರಸಿದ್ಧ್ ಯಾರ್ಕರ್‌ಗೆ ಟಂಗ್ ಬೌಲ್ಡ್ ಆದಾಗ ಅವನು ಮೊದಲ ಸಲ ಬಾಯಿ ಬಿಟ್ಟ: "ಇವಂಗೂ ಬೆನ್ನ ಮುರದಿತ್ತಲಾ?"

"ಹೂಂ," ಅಂದೆ.

ಸಿರಾಜ್ ಕೊನೇ ವಿಕೆಟ್ ತೆಗೆದ, ಆರು ರನ್ ಗೆಲುವು. ನಾನು ಎದ್ದು ಕುಣಿಯಲಿಲ್ಲ. "ಆ ದಿನ ನಾ ನಿನಗ ಬಾಲ್ ಕೊಡಬಾರದಿತ್ತ ಲೇ" ಅಂದೆ. ಏಳು ತಿಂಗಳು ಗಂಟಲಲ್ಲೇ ಇದ್ದ ಮಾತು.

ಅವನು ಸುಮ್ಮನೆ ಇದ್ದ. ಆಮೇಲೆ ಅಂದ, "ನಾನೂ ಬ್ಯಾಡ ಅನಬೇಕಿತ್ತು. ಆದ್ರ ಮತ್ತ್ಯಾರ ಹಾಕತಿದ್ರು? ನೀನಾ?" ಅಂದು ನಕ್ಕ. ನನ್ನ ಬೌಲಿಂಗ್ ಬಗ್ಗೆ ಇದಕ್ಕಿಂತ ಸರಿಯಾದ ವಿಮರ್ಶೆ ಇಲ್ಲ.

7

ನಿಮ್ಮಲ್ಲಿ ಕೆಲವರು ಹೇಳ್ತೀರಿ, "ಇಲ್ಲಿಂದ ಯಾರು ಟೆಸ್ಟ್ ಆಡ್ತಾರ, ಸುಮ್ಮನಿರು." ದಾವಣಗೆರೆಯ ವಿನಯ್ ಕುಮಾರ್‌ಗೆ ಸಿಕ್ಕದ್ದು ಒಂದೇ ಟೆಸ್ಟ್, 2012ರ ಪರ್ತ್. ಆದರೆ ಫಸ್ಟ್ ಕ್ಲಾಸ್‌ನಲ್ಲಿ 500ಕ್ಕೂ ಹೆಚ್ಚು ವಿಕೆಟ್ ತೆಗೆದು, ಕ್ಯಾಪ್ಟನ್ ಆಗಿ ಸತತ ಎರಡು ರಣಜಿ ಗೆದ್ದರು. ಅಭಿಮನ್ಯು ಮಿಥುನ್ ಮೊದಲು ಡಿಸ್ಕಸ್ ಎಸೆಯುತ್ತಿದ್ದವರು, 17ರವರೆಗೆ ಲೆದರ್ ಬಾಲ್‌ನಲ್ಲಿ ಬೌಲಿಂಗ್ ಮಾಡಿರಲಿಲ್ಲ. ರಣಜಿಯ ಮೊದಲ ಮ್ಯಾಚಿನಲ್ಲೇ ಹ್ಯಾಟ್ರಿಕ್, ಮರುವರ್ಷವೇ ಟೆಸ್ಟ್. ಕೊಡಗಿನ ವಿದ್ವತ್ ಕಾವೇರಪ್ಪ 2023ರ ದುಲೀಪ್ ಫೈನಲ್‌ನಲ್ಲಿ ಏಳು ವಿಕೆಟ್ ಕಿತ್ತ. ನಮ್ಮದೇ ಜಿಲ್ಲೆ ಬೇಕಾ? ಬೆಳಗಾವಿಯ ರೋನಿತ್ ಮೋರೆ 2018ರಲ್ಲಿ ಬೆಳಗಾವಿಯಲ್ಲೇ ಮುಂಬೈ ವಿರುದ್ಧ ಐದು ವಿಕೆಟ್ ತೆಗೆದ. ಅವರೆಲ್ಲ ಒಂದು ದಿನ ಯಾವುದೋ ಟೀಮಿನ ನಾಲ್ಕನೇ ಬೌಲರ್ ಆಗಿಯೇ ಶುರು ಮಾಡಿರಬೇಕಲ್ಲ.

ಕೊನೇ ಫೋಟೋ ಕಳೆದ ರವಿವಾರದ್ದು. ಕೆಸರು, ಅದಕ್ಕೇ ದೇವಸ್ಥಾನದ ಮುಂದಿನ ಸಿಮೆಂಟ್ ಕಟ್ಟೆ ಮೇಲೆ ನಿಂತಿದ್ದೇವೆ. ಬೆಲ್ಟ್ ಕಟ್ಟಿಕೊಂಡವನು ನಮ್ಮ ಪೇಸರ್. ಬಾಲ್ ಹಾಕಲು ಡಾಕ್ಟರ್ ಇನ್ನೂ ಹೂಂ ಅಂದಿಲ್ಲ. ಆದರೆ ಸೀಮ್ ಮೇಲೆ ಬೆರಳು ಹೇಗೆ ಇಡಬೇಕು ಅಂತ ಹತ್ತನೇ ಕ್ಲಾಸಿನ ಇಬ್ಬರಿಗೆ ತೋರಿಸುತ್ತಿದ್ದಾನೆ. ಅವರಲ್ಲಿ ಎಡಗೈಯವನೊಬ್ಬ ಅದಾನ, ಸಿಕ್ಕಾಪಟ್ಟೆ ವೈಡ್ ಹಾಕ್ತಾನ, ಆದ್ರ ಜೋರ್ ಅದಾನ.

ಕಬ್ಬು ಕಡಿದ ಮೇಲೆ ಮತ್ತೆ ಎರಡು ದಿನದ ಮ್ಯಾಚ್ ಇಡ್ತೀವಿ. ನಿಯಮ ಸ್ಕೋರ್ ಬುಕ್ಕಿನ ಮೊದಲ ಪುಟದಲ್ಲೇ ಬರೆದಾಗಿದೆ: ಒಂದು ಸ್ಪೆಲ್ ಐದು ಓವರ್, ದಿನಕ್ಕೆ ಹನ್ನೆರಡು, ಕ್ಯಾಪ್ಟನ್ ಎಷ್ಟು ಬೇಡಿಕೊಂಡರೂ ಜಾಸ್ತಿ ಇಲ್ಲ. ಅದಕ್ಕೆ ಕನಿಷ್ಠ ಐದು ಬೌಲರ್ ಬೇಕು. ಈಗ ಇರೋದು ಮೂರೂವರೆ, ಆ ಅರ್ಧ ನಾನು. ನಿಪ್ಪಾಣಿ, ಕಾಗಲ್, ಆಚೀಚೆ ಯಾವ ಊರಿನವರಾದರೂ ಸರಿ, ರವಿವಾರ ಮುಂಜಾನೆ ಏಳಕ್ಕೆ ಬರ್ರಿ. ಶೂ ಇಲ್ಲಂದ್ರ ನನ್ನದು ಒಂಬತ್ತನೇ ನಂಬರ್, ಹಂಚಿಕೊಳ್ಳೂಣು.